ಮಸೂರಕ್ಕೆ ಕೈ ಹಚ್ಚುವ ಮುನ್ನ

ಕಳೆದ ಭಾನುವಾರ ಬೆಳಗಿನ ಕಾಫಿ ಮುಗಿಸಿ ಪತ್ರಿಕೆಯನ್ನು ಬಿಡಿಸುತ್ತಿದ್ದಂತೆಯೇ ನನ್ನ ಸೋದರಳಿಯ ಬಂದು ಎದುರಿಗೆ ನಿಂತ. ಅವನ ಬಲಗೈಯಲ್ಲಿ ನಮ್ಮ ತಂದೆಯವರ ಕಾಲದ ಕ್ಯಾಮೆರಾ ಲೆನ್ಸು. ಎಡಗೈಯಲ್ಲಿ ಒಂದು ತಿರುಪುಳಿ, ಒಂದು ಕೈವಾರ ಮತ್ತು ಒಂದು ಅರ.

“ಮಾವ, ಅಜ್ಜನ ಲೆನ್ಸನ್ನು ಬಿಚ್ಚಲೇ?” ಎಂದ.

ಲೆನ್ಸನ್ನು ನೋಡಿ ನನಗೆ ಗಾಬರಿಯಾಗಲಿಲ್ಲ. ತಿರುಪುಳಿಯನ್ನು ನೋಡಿಯೂ ಆಗಲಿಲ್ಲ. ಆದರೆ ಆ ಅರವನ್ನು ಕಂಡೊಡನೆ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವಿಲ್ಲದೆ ಇಲ್ಲ, ಮುಂದೆ ನಿವೇದಿಸುತ್ತೇನೆ.

ವಾಚಕರಲ್ಲಿ ಅನೇಕರಿಗೆ ಈ ಹವ್ಯಾಸದ ಪರಿಚಯವಿರಬಹುದು. ಇಲ್ಲದವರಿಗಾಗಿ ಎರಡು ಮಾತು. ಇಂದಿನ ಕ್ಯಾಮೆರಾಗಳು ತಾವಾಗಿಯೇ ಫೋಕಸ್ ಮಾಡಿಕೊಳ್ಳುತ್ತವೆ. ಚಿತ್ರದ ಮೂಲೆಮೂಲೆಯನ್ನೂ ಕೂದಲೆಳೆಯಷ್ಟು ಸ್ಪಷ್ಟವಾಗಿ ತೋರುತ್ತವೆ. ಹೀಗಿದ್ದರೂ ಕೈಯಿಂದ ಉಂಗುರ ತಿರುಗಿಸಿ ಫೋಕಸ್ ಮಾಡಬೇಕಾದ ಅರ್ಧ ಶತಮಾನದ ಹಿಂದಿನ ಲೆನ್ಸುಗಳನ್ನು ಹುಡುಕಿ ಕೊಂಡು, ಮನೆಯ ಮೇಜಿನ ಮೇಲೆಯೇ ಬಿಚ್ಚಿ, ಬೇಕಾದಂತೆ ಮಾರ್ಪಡಿಸಿ, ಹೊಸ ಕ್ಯಾಮೆರಾಕ್ಕೆ ತೊಡಿಸಿಕೊಳ್ಳುವವರು ಲೋಕದ ಎಲ್ಲೆಡೆಯೂ ಇದ್ದಾರೆ. ಹೆಚ್ಚು ಸ್ಪಷ್ಟವಾದ ಚಿತ್ರಕ್ಕಾಗಿ ಅವರು ಹೀಗೆ ಮಾಡುವುದಿಲ್ಲ. ಹಿಂದಿನವರು ಯಾವುದನ್ನು ದೋಷವೆಂದು ಕರೆದರೋ ಅದನ್ನೇ ಅರಸಿ ಹೊರಟಿದ್ದಾರೆ!

ಸೂರ್ಯನ ಹೆಸರಿನ ಲೆನ್ಸು

ನಮ್ಮ ತಂದೆಯವರು ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ಆ ಕಾರ್ಖಾನೆ ಸೋವಿಯತ್ ಒಕ್ಕೂಟದ ನೆರವಿನಿಂದ ಸ್ಥಾಪಿತವಾದುದು. ತಾಯ್ನಾಡಿಗೆ ಹಿಂದಿರುಗುತ್ತಿದ್ದ ರಷ್ಯನ್ ಎಂಜಿನಿಯರೊಬ್ಬರಿಂದ ತಂದೆಯವರು 1971ರಲ್ಲಿ ಒಂದು ಜೆನಿತ್-ಇ ಕ್ಯಾಮೆರಾವನ್ನೂ ಎರಡು ಲೆನ್ಸುಗಳನ್ನೂ ಕೊಂಡುಕೊಂಡರು. ನಮ್ಮ ಮನೆಯ ಮದುವೆ, ಮುಂಜಿ, ನಾಮಕರಣಗಳ ಚಿತ್ರಗಳೆಲ್ಲ ಆ ಪೆಟ್ಟಿಗೆಯಿಂದಲೇ ಹೊರಬಂದವು. ಈಗ ಅಳಿಯನ ಕೈಯಲ್ಲಿದ್ದುದು ಆ ಎರಡರಲ್ಲಿ ಒಂದಾದ ಹೀಲಿಯೋಸ್ 44-2.

ಹೀಲಿಯೋಸ್ ಎಂದರೆ ಗ್ರೀಕರ ಸೂರ್ಯದೇವ. ಹೆಸರು ಗ್ರೀಕರದು, ತಯಾರಿಕೆ ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್ ಪಟ್ಟಣದ ಕಾರ್ಖಾನೆಯದು. ಆದರೆ ವಂಶ ಜರ್ಮನಿಯದು. ಯೇನಾ ನಗರದ ಕಾರ್ಲ್ ಝೈಸ್ ಸಂಸ್ಥೆಯಲ್ಲಿ ವಿಲ್ಲಿ ಮೆರ್ಟೆ ಎಂಬ ತಜ್ಞ ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ರೂಪಿಸಿದ್ದ ಬಯೋಟಾರ್ ಎಂಬ ಲೆನ್ಸಿನ ಮಾದರಿ ಇದು. ಯುದ್ಧಾನಂತರ ಆ ವಿದ್ಯೆ ರಷ್ಯಕ್ಕೆ ಸಾಗಿ, 1958ರಲ್ಲಿ ಸ್ಟಾರ್ಟ್ ಎಂಬ ಕ್ಯಾಮೆರಾದ ಜೊತೆಗೆ ಹೀಲಿಯೋಸ್ 44 ಎಂಬ ಹೆಸರಿನಿಂದ ಬೆಳಕು ಕಂಡಿತು. ಅನಂತರ ಜೆನಿತ್ ಕ್ಯಾಮೆರಾಗಳೊಡನೆ ಲಕ್ಷಗಟ್ಟಲೆ ತಯಾರಾಯಿತು. ಸಂಗಮದೂರ 58 ಮಿಲಿಮೀಟರು. ಪೂರ್ಣವಾಗಿ ತೆರೆದಾಗ ಎಫ್ 2. ನಾಲ್ಕು ಗುಂಪುಗಳಲ್ಲಿ ಆರು ಗಾಜುಗಳು. ಬೆಳಕನ್ನು ತಡೆದು ಬಿಡುವ ಕಿಂಡಿಗೆ ಎಂಟು ದಳಗಳು.

ಇದನ್ನು ಪೂರ್ಣವಾಗಿ ತೆರೆದು, ಹತ್ತಿರದ ಮುಖವೊಂದಕ್ಕೆ ಫೋಕಸ್ ಮಾಡಿ, ಹಿನ್ನೆಲೆಗೆ ಎಲೆಗಳ ನಡುವಿನ ಬಿಸಿಲಕಿಂಡಿಗಳು ಬರುವಂತೆ ಚಿತ್ರ ತೆಗೆಯಿರಿ. ನಡುವಿನ ಮುಖ ಸ್ಥಿರವಾಗಿದ್ದು, ಸುತ್ತಲಿನ ಮರಗಿಡಗಳು ನೀರಿನ ಸುಳಿಯಂತೆ ತಿರುಗುತ್ತಿರುವಂತೆ ಕಾಣುತ್ತವೆ. ಇದು ಮಾಟವಲ್ಲ. ಅಂಚಿನಿಂದ ಓರೆಯಾಗಿ ಬರುವ ಬೆಳಕಿನ ಒಂದು ಪಾಲನ್ನು ಲೆನ್ಸಿನ ಕೊಳವೆಯೇ ಕತ್ತರಿಸಿಬಿಡುತ್ತದೆ. ಆದ್ದರಿಂದ ಚಿತ್ರದ ನಡುವೆ ದುಂಡಗಿರುವ ಮಸಕು ಚುಕ್ಕೆ ಅಂಚಿಗೆ ಸರಿದಂತೆ ಬೆಕ್ಕಿನ ಕಣ್ಣಿನಂತೆ ಉದ್ದುದ್ದವಾಗುತ್ತದೆ. ಅಂಥ ಚುಕ್ಕೆಗಳೆಲ್ಲ ಕೇಂದ್ರವನ್ನು ಸುತ್ತುವರಿದು ನಿಂತಾಗ ನಮ್ಮ ಕಣ್ಣು ಅದನ್ನು ಸುಳಿಯೆಂದು ಓದಿಕೊಳ್ಳುತ್ತದೆ. ಅಂಚಿನಲ್ಲಿ ಪೂರ್ತಿ ತಿದ್ದದೆ ಉಳಿದ ದೃಷ್ಟಿದೋಷಗಳೂ ಇದಕ್ಕೆ ಕೈಗೂಡಿಸುತ್ತವೆ. ಹಿಂದಿನವರು ಇದನ್ನು ನೋಡಿ ಮುಖ ಸಿಂಡರಿಸಿದರು. ಇಂದಿನವರು ಇದಕ್ಕಾಗಿಯೇ ಹಣ ಕೊಡುತ್ತಾರೆ.

ಒಂದು ಮಿಲಿಮೀಟರಿನ ಕಥೆ

ಇನ್ನು ಅರದ ವಿಚಾರ. ಎರಡು ಲೆನ್ಸುಗಳೆಂದೆನಲ್ಲವೆ? ಎರಡನೆಯದು 135 ಮಿಲಿಮೀಟರಿನದು. ದೂರದ ವಸ್ತುಗಳನ್ನು ಹತ್ತಿರಕ್ಕೆ ತರುವಂಥದು. ಅದು ಈಗಲೂ ನಮ್ಮ ಬೀರುವಿನಲ್ಲಿದೆ. ಆದರೆ ಕೆಲಸಕ್ಕೆ ಬಾರದು. ಅದನ್ನು ಹಾಳುಮಾಡಿದವನು ನಾನೇ.

ಪ್ರತಿಯೊಂದು ಲೆನ್ಸೂ ಕ್ಯಾಮೆರಾದ ಒಳಗಿನ ಫಿಲ್ಮಿನಿಂದ ಇಂತಿಷ್ಟೇ ದೂರದಲ್ಲಿ ಕೂರಬೇಕೆಂದು ಲೆಕ್ಕ ಹಾಕಿ ತಯಾರಾಗಿರುತ್ತದೆ. ಜೆನಿತ್ ಮೊದಲಾದ ಕ್ಯಾಮೆರಾಗಳ ಎಂ 42 ಎಂಬ ತಿರುಪು ಜೋಡಣೆಯಲ್ಲಿ ಈ ಅಂತರ 45.46 ಮಿಲಿಮೀಟರು. ಕ್ಯಾನನ್ ಸಂಸ್ಥೆಯ ಇಎಫ್ ಜೋಡಣೆಯಲ್ಲಿ 44; ನಿಕಾನಿನ ಎಫ್ ಜೋಡಣೆಯಲ್ಲಿ 46.5. ಲೆನ್ಸಿಗೆ ಬೇಕಾದುದಕ್ಕಿಂತ ಕ್ಯಾಮೆರಾದ ಅಂತರ ಕಡಿಮೆಯಿದ್ದರೆ ಚಿಂತೆಯಿಲ್ಲ. ನಡುವೆ ಒಂದು ಬಳೆ ಸೇರಿಸಿದರಾಯಿತು. ಹೆಚ್ಚಾಗಿದ್ದರೆ ಮಾತ್ರ ತೊಂದರೆ. ಲೆನ್ಸು ಮುಂದಕ್ಕೆ ಉಳಿದು, ದೂರದ ವಸ್ತು ಎಂದಿಗೂ ಸ್ಪಷ್ಟವಾಗದು. ಎಷ್ಟು ದೂರದ್ದು? ಸಂಗಮದೂರವನ್ನು ಅದರಿಂದಲೇ ಗುಣಿಸಿ, ಹೆಚ್ಚಾದ ಅಂತರದಿಂದ ಭಾಗಿಸಿದರೆ ಹೆಚ್ಚುಕಡಿಮೆ ಉತ್ತರ ದೊರೆಯುತ್ತದೆ. 58 ಮಿಲಿಮೀಟರಿನ ಲೆನ್ಸಿಗೆ ಆ ಒಂದು ಮಿಲಿಮೀಟರಿನ ದೆಸೆಯಿಂದ ಸುಮಾರು ಮೂರೂಕಾಲು ಮೀಟರಿನಾಚೆಯ ಲೋಕವೆಲ್ಲ ಮಸಕು. 135ರದಕ್ಕೆ ಹದಿನೇಳು ಹದಿನೆಂಟು ಮೀಟರಿನಾಚೆಯದೆಲ್ಲ ಮಸಕು. ದೂರದ ಹಕ್ಕಿಯನ್ನು ನೋಡಲೆಂದೇ ಮಾಡಿದ ಲೆನ್ಸಿಗೆ ಹಿತ್ತಲಿನ ಬೇಲಿಯೇ ಎಲ್ಲೆ!

2007ರಲ್ಲಿ ನಾನು ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡೆ. ಅದರ ಅಂತರ 46.5. ತಂದೆಯವರ ಲೆನ್ಸು ಅದಕ್ಕೆ ಒಪ್ಪಲಿಲ್ಲ. ಒಂದು ಮಿಲಿಮೀಟರು ತಾನೆ, ಲೆನ್ಸಿನ ಹಿಂದಿನ ತಟ್ಟೆಯನ್ನು ಅಷ್ಟು ಅರೆದುಬಿಟ್ಟರೆ ಹಿಂದಕ್ಕೆ ಸರಿದು ಕೂರುತ್ತದೆ ಎಂದುಕೊಂಡೆ. ತಂದೆಯವರನ್ನು ಕೇಳಲಿಲ್ಲ. ಅವರು ಊರಲ್ಲಿಲ್ಲದ ಎರಡು ದಿನ ಅರ ಹಿಡಿದು ಕುಳಿತೆ. ಕೈಯಿಂದ ಅರೆದ ಲೋಹ ಸಮತಟ್ಟಾಗುವುದುಂಟೆ? ತಟ್ಟೆ ಒಂದು ಕಡೆಗೆ ಓರೆಯಾಯಿತು. ಚಿತ್ರದ ಎಡಭಾಗ ಸ್ಪಷ್ಟವಾದರೆ ಬಲಭಾಗ ಮಂಜು. ಲೋಹದ ಪುಡಿ ಒಳಗಿನ ಗ್ರೀಸಿಗೆ ಸೇರಿ ಉಂಗುರ ತಿರುಗಿಸಿದಾಗಲೆಲ್ಲ ಕರಕರ ಸದ್ದು ಬರತೊಡಗಿತು.

ಊರಿನಿಂದ ಬಂದ ತಂದೆಯವರು ಲೆನ್ಸನ್ನು ಕೈಗೆತ್ತಿಕೊಂಡು, ಹಿಂದಿನ ತಟ್ಟೆಯ ಮೇಲೆ ಹೆಬ್ಬೆರಳಾಡಿಸಿದರು. ಗದರಲಿಲ್ಲ. “ಇನ್ನು ಇದು ನನ್ನ ಕ್ಯಾಮೆರಾಕ್ಕೂ ಕೂರುವುದಿಲ್ಲವೇನೋ?” ಎಂದು ಕೇಳಿದರು, ಅಷ್ಟೆ. ನಾನು ತಲೆ ತಗ್ಗಿಸಿದೆ.

ವಿಧಿಯ ಕುಚೋದ್ಯವನ್ನು ನೋಡಿ. ಮರುವರ್ಷವೇ, ಎಂದರೆ 2008ರಲ್ಲಿ, ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾಗಳು ಮಾರುಕಟ್ಟೆಗೆ ಬರತೊಡಗಿದವು. ಕನ್ನಡಿಗೆ ಜಾಗ ಬೇಡವಾದ್ದರಿಂದ ಅವುಗಳ ಅಂತರ ಬಹಳ ಕಡಿಮೆ. 2010ರಲ್ಲಿ ಬಂದ ಸೋನಿ ಸಂಸ್ಥೆಯ ಇ ಜೋಡಣೆಯಲ್ಲಿ ಅದು ಬರೇ 18 ಮಿಲಿಮೀಟರು. 45.46ರಲ್ಲಿ 18 ಕಳೆದರೆ ಉಳಿಯುವ 27.46 ಮಿಲಿಮೀಟರಿನ ಒಂದು ಖಾಲಿ ಕೊಳವೆಯನ್ನು ನಡುವೆ ಸೇರಿಸಿದರೆ ತಂದೆಯವರ ಲೆನ್ಸು ಕೂದಲೆಳೆಯಷ್ಟೂ ಗಾಯವಿಲ್ಲದೆ ಕುಳಿತು, ಗುಡ್ಡದ ತುದಿಯವರೆಗೂ ನೋಡುತ್ತಿತ್ತು. ಆ ಕೊಳವೆಯ ಬೆಲೆ ಹೋಟೆಲಿನ ಒಂದೆರಡು ಊಟದ ಬೆಲೆಗಿಂತ ಹೆಚ್ಚಲ್ಲ. ನನಗೆ ಬೇಕಾಗಿದ್ದುದು ಅರವಲ್ಲ, ತಾಳ್ಮೆ.

ಆದ್ದರಿಂದ ಅಳಿಯನಿಗೆ ಮೊದಲು ಹೇಳಿದ್ದು ಇಷ್ಟು: “ಬಿಚ್ಚು, ತಿರುಗಿಸು, ಸೇರಿಸು, ತೆಗೆ, ಬೇಡವೆನ್ನುವುದಿಲ್ಲ. ಆದರೆ ಯಾವುದನ್ನು ಮತ್ತೆ ಇದ್ದಂತೆ ಮಾಡಲಾಗದೋ ಅದನ್ನು ಮಾಡಬೇಡ. ಮೊದಲು ಆ ಅರವನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಇಟ್ಟು ಬಾ.”

ತಿರುಪು ಮುಟ್ಟದ ಪ್ರಯೋಗ

ಮೊದಲ ಪಾಠಕ್ಕೆ ಒಂದು ತಿರುಪನ್ನೂ ಬಿಚ್ಚಬೇಕಾಗಿಲ್ಲ. ಕಪ್ಪು ರಟ್ಟು, ಚೂಪಾದ ಬ್ಲೇಡು ಇದ್ದರೆ ಸಾಕು. ರಟ್ಟನ್ನು ಲೆನ್ಸಿನ ಬಾಯಿಯೊಳಗೆ ಕೂರುವಂತೆ ದುಂಡಗೆ ಕತ್ತರಿಸಿ, ನಡುವೆ ಬೇಕಾದ ಆಕಾರದ ರಂಧ್ರ ಕೊರೆಯಿರಿ. ಹಿನ್ನೆಲೆಯ ಮಸಕು ದೀಪಗಳೆಲ್ಲ ಆ ರಂಧ್ರದ ಆಕಾರವನ್ನೇ ತಾಳುತ್ತವೆ. ಎದ್ದು ನಿಂತ ಮೊಟ್ಟೆಯಾಕಾರದ ರಂಧ್ರವಾದರೆ ದೀಪಗಳೂ ಮೊಟ್ಟೆಯಾಕಾರ. ಅಗಲ ಪರದೆಯ ಸಿನಿಮಾಗಳಲ್ಲಿ ಕಾಣುವ ನೋಟ. ನಕ್ಷತ್ರ ಕೊರೆದರೆ ಬೀದಿದೀಪಗಳೆಲ್ಲ ನಕ್ಷತ್ರ.

ಆದರೆ ಒಂದು ಲೆಕ್ಕವನ್ನು ಮರೆಯಬಾರದು. ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕಿನ ಕಿಂಡಿಯ ಅಗಲ ದೊರೆಯುತ್ತದೆ. ಹೀಲಿಯೋಸಿನಲ್ಲಿ 58ನ್ನು 2ರಿಂದ ಭಾಗಿಸಿದರೆ 29 ಮಿಲಿಮೀಟರು. ರಂಧ್ರ ಇದಕ್ಕಿಂತ ದೊಡ್ಡದಾದರೆ ಯಾವ ಪರಿಣಾಮವೂ ಕಾಣದು. ಅರ್ಧದಷ್ಟು, ಎಂದರೆ ಹದಿನಾಲ್ಕೂವರೆ ಮಿಲಿಮೀಟರಿನ ದುಂಡು ರಂಧ್ರವಾದರೆ ಲೆನ್ಸು ಎಫ್ 4 ಆದಂತೆ; ಬೆಳಕು ನಾಲ್ಕರಲ್ಲೊಂದು ಪಾಲು ಮಾತ್ರ. ಚಿತ್ರದ ಮೂಲೆಗಳು ತುಸು ಕಪ್ಪಾಗಬಹುದು. ಬೇಡವೆನಿಸಿದಾಗ ರಟ್ಟನ್ನು ಕಿತ್ತರೆ ಮುಗಿಯಿತು. ಲೆನ್ಸಿಗೆ ನಡೆದ ಸಂಗತಿಯ ನೆನಪೂ ಇರದು.

ಗಾಜನ್ನು ತಿರುವುಮುರುವಾಗಿಸುವುದು

ಎರಡನೆಯ ಪಾಠವೇ ಅಳಿಯ ಬಯಸಿ ಬಂದದ್ದು: ಹೀಲಿಯೋಸಿನ ಮುಂದಿನ ಗಾಜನ್ನು ತೆಗೆದು ತಿರುವುಮುರುವಾಗಿ ಕೂರಿಸುವುದು. ಹೊರಕ್ಕೆ ಉಬ್ಬಿದ್ದ ಮೈ ಒಳಕ್ಕಾಗುತ್ತದೆ. ಆಗ ನಡುಭಾಗ ತಕ್ಕಮಟ್ಟಿಗೆ ಸ್ಪಷ್ಟವಾಗಿಯೇ ಉಳಿದು, ಅಂಚುಗಳು ಒದ್ದೆ ಬಣ್ಣದ ಮೇಲೆ ಬೆರಳೆಳೆದಂತೆ ಕಲಸಿಹೋಗುತ್ತವೆ. ಮೆರ್ಟೆ ಮಹಾಶಯ ಲೆಕ್ಕ ಹಾಕಿ ತಿದ್ದಿದ ದೋಷಗಳನ್ನೆಲ್ಲ ನಾವು ಒಂದು ಗಾಜನ್ನು ಮಗುಚಿ ಮರಳಿ ಕರೆತಂದಂತೆ!

ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ. ಅಂಚಿರುವ ತಟ್ಟೆಯೊಂದರೊಳಗೆ ಕೆಲಸ ಮಾಡಿ, ಬಿದ್ದ ತಿರುಪು ಉರುಳಿಹೋಗದಿರಲಿ. ಹೆಸರು ಕೆತ್ತಿದ ಮುಂದಿನ ಉಂಗುರವನ್ನು ರಬ್ಬರಿನ ಬಿರಡೆಯಿಂದ ಒತ್ತಿ ತಿರುಗಿಸಿ ಬಿಚ್ಚಬೇಕು. ಅದರ ಹಿಂದೆ ಗಾಜನ್ನು ಹಿಡಿದಿರುವ ಉಂಗುರದಲ್ಲಿ ಎದುರುಬದುರು ಎರಡು ಕಚ್ಚುಗಳಿರುತ್ತವೆ. ಅವಕ್ಕೆ ಎರಡು ಮೊನೆಗಳ ಕೀಲಿ ಬೇಕು. ಕೈವಾರ ಅದರ ಕೆಲಸವನ್ನು ಮಾಡಬಲ್ಲದು; ಆದರೆ ಮೊನೆ ಜಾರಿದರೆ ಗಾಜಿನ ಮೇಲೆ ಮಾಯದ ಗೀರು. ಗಾಜಿನ ಮೇಲೆ ದುಂಡಗಿನ ಕಾಗದ ಮುಚ್ಚಿಕೊಳ್ಳುವುದು ಲೇಸು. ಉಂಗುರ ಬಂದ ಮೇಲೆ ಲೆನ್ಸನ್ನು ಮಡಿಸಿದ ಬಟ್ಟೆಯ ಮೇಲೆ ಮೆಲ್ಲಗೆ ಬೋರಲು ಹಾಕಿದರೆ ಗಾಜು ಕೆಳಗಿಳಿಯುತ್ತದೆ. ಮೊದಲು ಯಾವ ಮೈ ಹೊರಗಿತ್ತೆಂಬುದಕ್ಕೆ ಗಾಜಿನ ಪಕ್ಕದ ಅಂಚಿನಲ್ಲಿ ಪೆನ್ಸಿಲಿನ ಗುರುತು ಮಾಡಿ. ಪ್ರತಿ ಹಂತದಲ್ಲಿಯೂ ಕೈಫೋನಿನಿಂದ ಚಿತ್ರ ತೆಗೆದಿಟ್ಟುಕೊಳ್ಳಿ. ಹಿಂದಕ್ಕೆ ಜೋಡಿಸುವಾಗ ಉಂಗುರ ಬಿಗಿಯುವುದಕ್ಕೆ ಮೊದಲೇ ಗಾಜು ಒಳಗೆಲ್ಲಿಯಾದರೂ ತಾಗುತ್ತಿದೆಯೆನಿಸಿದರೆ ಬಲ ಹಾಕದೆ ಅಲ್ಲಿಗೇ ನಿಲ್ಲಿಸಿ. ತಿರುಗಿಸಿದ ಮೇಲೆ ಉಂಗುರದ ಮೇಲೆ ಕೆತ್ತಿದ ದೂರದ ಅಂಕಿಗಳನ್ನು ನೆಚ್ಚಬೇಡಿ. ಕಣ್ಣಿನಿಂದಲೇ ಫೋಕಸ್ ನೋಡಿಕೊಳ್ಳಿ.

ಇನ್ನೂ ಒಳಕ್ಕೆ

ಚಲಚ್ಚಿತ್ರ ತೆಗೆಯುವ ತರುಣರು ಬೆಳಕಿನ ಕಿಂಡಿಯ ಉಂಗುರದಿಂದ ಟಿಕ್ ಟಿಕ್ ಎಂಬ ತಡೆಯನ್ನು ಹೋಗಲಾಡಿಸಲು ಒಳಗಿನ ಸಣ್ಣ ಉಕ್ಕಿನ ಗುಂಡನ್ನು ಕಿತ್ತು ಹಾಕುವುದುಂಟು. ಸ್ಪ್ರಿಂಗಿನ ಬಲಕ್ಕೆ ಆ ಗುಂಡು ಚಿಮ್ಮಿ ಬೀರುವಿನಡಿ ಸೇರಿದರೆ ಮತ್ತೆ ಸಿಕ್ಕದು. ಹೀಲಿಯೋಸ್ 44-2ರಲ್ಲಿ ಈ ಸಾಹಸವೇ ಅನಾವಶ್ಯಕ. ಅದಕ್ಕೆ ಎರಡು ಉಂಗುರಗಳಿವೆ. ಒಂದು ಟಿಕ್ ಎನ್ನುತ್ತ ಮಿತಿಯನ್ನು ಗೊತ್ತುಮಾಡುತ್ತದೆ, ಇನ್ನೊಂದು ಆ ಮಿತಿಯವರೆಗೆ ನಿಶ್ಶಬ್ದವಾಗಿ ಜಾರುತ್ತದೆ. ಮೊದಲನೆಯದನ್ನು 16ಕ್ಕೆ ಇಟ್ಟುಕೊಂಡರೆ ಎರಡನೆಯದರಿಂದ 2ರಿಂದ 16ರವರೆಗೆ ಸದ್ದಿಲ್ಲದೆ ಸಾಗಬಹುದು. ಕೈಪಿಡಿ ಓದದೆ ತಿರುಪುಳಿ ಹಿಡಿಯುವವರಿಗೆ ಇದೊಂದು ಬುದ್ಧಿವಾದ.

ಹಳೆಯ ಗ್ರೀಸು ಗಟ್ಟಿಯಾಗಿ ಫೋಕಸಿನ ಉಂಗುರ ತಿರುಗದಿರುವುದು ಇನ್ನೊಂದು ಸಾಮಾನ್ಯ ಕಾಯಿಲೆ. ಕೊಳವೆಯೊಳಗೆ ಕೊಳವೆ ಸುರುಳಿಗೆರೆಗಳ ಮೇಲೆ ಜಾರುವ ಭಾಗವನ್ನು ಬೇರ್ಪಡಿಸಿ, ಸಿಗರೇಟ್ ಲೈಟರಿಗೆ ತುಂಬುವ ನ್ಯಾಫ್ತಾದಿಂದ ಹಳೆಯ ಗ್ರೀಸನ್ನು ತೊಳೆದು, ಹೊಸದನ್ನು ತೆಳ್ಳಗೆ ಸವರಬೇಕು. ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಅಪಾಯವಿರುವುದು ಮರುಜೋಡಣೆಯಲ್ಲಿ. ಈ ಸುರುಳಿಗೆರೆಗೆ ಒಂದೇ ಬಾಗಿಲಲ್ಲ, ಹಲವು ಬಾಗಿಲುಗಳು. ತಪ್ಪು ಬಾಗಿಲಿನಿಂದ ಒಳಹೊಕ್ಕರೂ ಅದು ಸರಾಗವಾಗಿಯೇ ತಿರುಗುತ್ತದೆ. ಆದರೆ ದೂರದ ಫೋಕಸ್ ಬರುವುದಿಲ್ಲ. ಆದ್ದರಿಂದ ಎರಡು ಕೊಳವೆಗಳು ಒಂದನ್ನೊಂದು ಬಿಟ್ಟು ಬೇರೆಯಾಗುವ ಕ್ಷಣದಲ್ಲಿ ಎರಡರ ಮೇಲೂ ಒಂದೇ ನೇರದಲ್ಲಿ ಗುರುತು ಹಾಕಬೇಕು. ಜೋಡಿಸಿದ ಮೇಲೆ ಲೆನ್ಸನ್ನು ಪೂರ್ಣ ತೆರೆದು, ರಾತ್ರಿ ನಕ್ಷತ್ರವೊಂದಕ್ಕೆ ಹಿಡಿದು, ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ನೋಡಿ. ಉಂಗುರ ಕೊನೆಯ ತಡೆಗೆ ತಲಪಿದಾಗ ನಕ್ಷತ್ರ ಚುಕ್ಕೆಯಾಗಿ ಕೂಡಿಕೊಂಡರೆ ನೀವು ಗೆದ್ದಿರಿ.

ಮುಟ್ಟಬಾರದ್ದು

ಎಲ್ಲವನ್ನೂ ಮುಟ್ಟಬಹುದೆಂದು ತಿಳಿಯಬೇಡಿ. ಹಳೆಯ ಕಾಲದ ಕೆಲವು ಲೆನ್ಸುಗಳಲ್ಲಿ ಥೋರಿಯಂ ಬೆರೆಸಿದ ಗಾಜಿದೆ. ಜಪಾನಿನ ಟಾಕುಮಾರ್ 50 ಮಿಲಿಮೀಟರು ಎಫ್ 1.4ರ ಒಂದು ಮಾದರಿ ಇದಕ್ಕೆ ಹೆಸರಾದುದು. ಈ ಗಾಜು ವಿಕಿರಣಶೀಲ. ಕಾಲಾಂತರದಲ್ಲಿ ಅದು ಚಹದ ಬಣ್ಣಕ್ಕೆ ತಿರುಗುತ್ತದೆ. ಬಿಸಿಲಿನಲ್ಲಿಯೋ ನೇರಳಾತೀತ ದೀಪದ ಕೆಳಗೋ ಹಲವು ದಿನ ಇಟ್ಟರೆ ಬಣ್ಣ ತಿಳಿಯಾಗುತ್ತದೆ. ಆದರೆ ಮಸೂರ ಬಿಸಿಲನ್ನು ಒಂದು ಬಿಂದುವಿಗೆ ಕೂಡಿಸಿ ಕಿಟಕಿಯ ಪರದೆಗೆ ಬೆಂಕಿ ಹಚ್ಚಬಲ್ಲದೆಂಬುದನ್ನು ಮರೆಯಬಾರದು. ಅಂಥ ಗಾಜನ್ನು ಉಜ್ಜುವುದಾಗಲಿ ಅರೆಯುವುದಾಗಲಿ ಸರ್ವಥಾ ಕೂಡದು. ಅದರ ಧೂಳು ಉಸಿರಿನೊಡನೆ ಒಳಗೆ ಹೋದರೆ ಕೇಡು.

ಗಾಜಿನ ಮೇಲಿನ ಲೇಪವನ್ನು ಉಜ್ಜಿ ತೆಗೆದು ಮಂಜು ಮಂಜಾದ ನೋಟ ಬರಿಸುವವರೂ ಇದ್ದಾರೆ. ಹೋದ ಲೇಪ ಮನೆಯಲ್ಲಿ ಮರಳಿ ಬರುವಂಥದಲ್ಲ.

ಬದಲಾಯಿಸುವುದಕ್ಕಿಂತ ಕಾಪಾಡುವುದೇ ದೊಡ್ಡದೆಂಬುದು ನಮ್ಮ ಸಾಗರದ ಮಳೆಗಾಲದಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ತೇವ ತುಂಬಿದ ಬೀರುವಿನಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜಿಗೆ ಜೇಡರ ಬಲೆಯಂತೆ ಬೂಷ್ಟು ಹಿಡಿಯುತ್ತದೆ. ಬೇಗ ಕಂಡರೆ ಒರೆಸಬಹುದು. ತಡವಾದರೆ ಅದು ಲೇಪವನ್ನೇ ತಿಂದು ಗುರುತು ಬಿಡುತ್ತದೆ. ಗಾಳಿಯಾಡದ ಡಬ್ಬಿ, ಅದರೊಳಗೆ ಆಗಾಗ ಬಿಸಿಮಾಡಿ ಒಣಗಿಸಿದ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಹೊರತೆಗೆದು ಬಳಸುವುದು, ಇವಿಷ್ಟೇ ಔಷಧ.

ದೊಡ್ಡವರೂ ಹಿಂದಿರುಗದ ದಾರಿ ಹಿಡಿಯಲಿಲ್ಲವೆ ಎಂದು ಕೇಳಬಹುದು. ಹಿಡಿದರು. 1975ರಲ್ಲಿ ತೆರೆಕಂಡ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಮೇಣದಬತ್ತಿಯ ಬೆಳಕಿನಲ್ಲಿಯೇ ದೃಶ್ಯಗಳನ್ನು ತೆಗೆಯಲೆಂದು, ಅಮೆರಿಕದ ನಾಸಾಕ್ಕಾಗಿ ಝೈಸ್ ಸಂಸ್ಥೆ ತಯಾರಿಸಿದ್ದ 50 ಮಿಲಿಮೀಟರು ಎಫ್ 0.7 ಲೆನ್ಸನ್ನು ಬಳಸಿದರು. ಅದರ ಹಿಂಬದಿ ಫಿಲ್ಮಿಗೆ ಅತಿ ಸಮೀಪ ಕೂರಬೇಕಾದ್ದರಿಂದ ಎಡ್ ಡಿ ಜೂಲಿಯೊ ಎಂಬ ತಜ್ಞರು ಕ್ಯಾಮೆರಾವನ್ನೇ ಕೊರೆದು ತಿದ್ದಬೇಕಾಯಿತು. ಆದರೆ ಅಲ್ಲಿ ಕೈಯಿಟ್ಟವರು ಕಸುಬು ಬಲ್ಲವರು. ಏನನ್ನು ಕಳೆದುಕೊಳ್ಳುತ್ತಿದ್ದೇವೆಂಬುದನ್ನು ಅರಿತೇ ಕಳೆದುಕೊಂಡರು. ನಾನು ಅರಿಯದೆ ಕಳೆದೆ. ಅದೂ ನನ್ನದಲ್ಲದ ವಸ್ತುವನ್ನು.

ಅಂದು ಸಂಜೆಯ ಹೊತ್ತಿಗೆ ಹೀಲಿಯೋಸಿನ ಮುಂದಿನ ಗಾಜು ತಿರುವುಮುರುವಾಗಿ ಕುಳಿತಿತ್ತು. ಅಳಿಯ ತನ್ನ ಅಜ್ಜಿಯನ್ನು ಹಿತ್ತಲಿನ ಹಲಸಿನ ಮರದ ಮುಂದೆ ಕೂರಿಸಿ ಚಿತ್ರ ತೆಗೆದು ತಂದು ತೋರಿಸಿದ. ನಡುವೆ ನಮ್ಮ ತಾಯಿಯವರ ಮುಖ. ಸುತ್ತ ಹಲಸಿನೆಲೆಗಳು ಹಸಿರು ಸುಳಿಯಾಗಿ ಕಲಸಿಹೋಗಿದ್ದವು. ತಾಯಿಯವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ನನ್ನ ಮುಖವೇನೋ ಸರಿಯಾಗಿಯೇ ಇದೆ ಕಣಪ್ಪ; ಆ ಮರಕ್ಕೆ ತಲೆ ತಿರುಗಿದೆಯಲ್ಲ!” ಎಂದರು. ಆಮೇಲೆ, “ನಿಮ್ಮಜ್ಜ ತೆಗೆದ ಹಾಗೆಯೂ ಒಂದು ತೆಗೆಯೋ” ಎಂದರು.

ಅಳಿಯ ಒಳಗೆ ಹೋಗಿ ಕಾಲು ಗಂಟೆಯಲ್ಲಿ ಗಾಜನ್ನು ಪೆನ್ಸಿಲ್ ಗುರುತು ನೋಡಿ ಮೊದಲಿನಂತೆ ಕೂರಿಸಿಕೊಂಡು ಬಂದ. ಅದೇ ಮರ, ಅದೇ ಕುರ್ಚಿ. ಬಿಸಿಲು ಇನ್ನೂ ಇಳಿದಿರಲಿಲ್ಲ. ಎರಡನೆಯ ಚಿತ್ರವೂ ಆಯಿತು. ಬೀರುವಿನಲ್ಲಿದ್ದ ಇನ್ನೊಂದು ಲೆನ್ಸನ್ನು ತಂದು ಅವನ ಕೈಗಿತ್ತೆ. ಅವನು ಅದರ ಹಿಂದಿನ ತಟ್ಟೆಯ ಮೇಲೆ ಹೆಬ್ಬೆರಳಾಡಿಸಿ ನನ್ನ ಮುಖ ನೋಡಿದ. ನಾನು ಹೇಳಬೇಕಾದುದೇನೂ ಉಳಿದಿರಲಿಲ್ಲ.